ಪಕ್ಕದ ಗದ್ದೆಗೆ ಬೆಳೆ ಪರಿಹಾರ ಬಂತು, ನಮಗೆ ಬಂದಿಲ್ಲ. ಯಾರನ್ನು ಕೇಳಬೇಕು?

ವರದಾ ದಂಡೆ (ತಾಳಗುಪ್ಪ ಹೋಬಳಿ, ಸಾಗರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಳೆ ಹಾನಿ ಪರಿಹಾರದ ವಿಷಯ ಗೊತ್ತಿರುವವರು ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ. ಸ್ವಲ್ಪ ಉದ್ದ ಆಗಿದೆ. ಅರ್ಧ ಹೇಳಿದರೆ ನಿಮಗೂ ಅರ್ಥ ಆಗುವುದಿಲ್ಲ ಅಂತ ಎಲ್ಲ ಬರೆದಿದ್ದೇನೆ.

ನಮ್ಮದು ವರದಾ ಹೊಳೆ ಪಕ್ಕದ ಊರು. ಒಂದೂವರೆ ಎಕರೆ ಗದ್ದೆ, ಮೇಲೆ ದಿಣ್ಣೆಯಲ್ಲಿ 20 ಗುಂಟೆ ಅಡಿಕೆ ತೋಟ. ಅಪ್ಪ ತೀರಿಕೊಂಡ ಮೇಲೆ ಸಾಗುವಳಿ ಎಲ್ಲ ಅಮ್ಮನದ್ದೇ. ನಾನು ಸಾಗರದಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತೇನೆ. ರಜೆ ಇದ್ದಾಗ ನಾನೂ ಗದ್ದೆಗೆ ಇಳಿಯುತ್ತೇನೆ.

ಕಳೆದ ಮುಂಗಾರಲ್ಲಿ ನಾಟಿ ಮುಗಿಸಿ ಇನ್ನೂ ಕಳೆ ತೆಗೆದಿರಲಿಲ್ಲ, ಅಷ್ಟರಲ್ಲಿ ಹೊಳೆ ಬಂತು. ನಮ್ಮ ಕಡೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಲ್ಲಿ ವರದೆ ಕೊಚ್ಚಿಕೊಂಡು ಹೋಗುವ ಹೊಳೆ ಅಲ್ಲ. ನೆಲ ಸಪಾಟಾಗಿದೆ. ನೀರು ಮೆಲ್ಲಗೆ ಏರುತ್ತದೆ, ಏರಿದ ಮೇಲೆ ಇಳಿಯುವುದೇ ಇಲ್ಲ. ಮೇಲೆ ಮಳೆ ನಿಂತರೂ ಗದ್ದೆ ಬಯಲಲ್ಲಿ ನೀರು ಹಾಗೇ ಇರುತ್ತದೆ. ಈ ಸಲ ಅದು ಇಳಿಯುವಾಗ ವಾರ ದಾಟಿತ್ತು. ದೂರದಿಂದ ನೋಡಿದರೆ ಸಸಿ ನಿಂತ ಹಾಗೇ ಕಾಣುತ್ತಿತ್ತು. ಬದುಕಿದೆ ಅಂತ ನಾನು ಅಂದುಕೊಂಡೆ. ಅಮ್ಮ ಬಗ್ಗಿ ಒಂದು ಬುಡ ಹಿಡಿದು ಎಳೆದಳು. ಎಲೆ, ಸುಳಿ ಮಾತ್ರ ಕೈಗೆ ಬಂತು, ಬೇರು ಕೆಸರಲ್ಲೇ ಉಳಿಯಿತು. ಒಳಗೆ ಸುಳಿ ಕೊಳೆತು ಲೋಳೆ ಆಗಿತ್ತು. ಇನ್ನೊಂದು ಎಳೆದಳು, ಅದೂ ಹಾಗೇ. ಮತ್ತೆ ನೆಡೋಣ ಅಂದರೆ ಅಗೆ ಎಲ್ಲೂ ಇರಲಿಲ್ಲ. ಊರೆಲ್ಲ ಹುಡುಕಿ ಸಿಕ್ಕಿದ್ದು ಎರಡು ಗದ್ದೆ ತುಂಡಿಗೆ ಸಾಲುವಷ್ಟು.

ಆಮೇಲೆ ಗ್ರಾಮ ಆಡಳಿತಾಧಿಕಾರಿ ಮತ್ತು ಕೃಷಿ ಇಲಾಖೆಯವರು ಬಂದರು. ಗದ್ದೆಗೇ ಇಳಿದು ನೋಡಿದರು, ಫೋಟೋ ತೆಗೆದರು. ಪೂರ್ತಿ ಹೋಗಿದೆ ಅಂತ ಅವರೇ ಬಾಯಿಬಿಟ್ಟು ಹೇಳಿದರು. ಅವರ ಮೇಲೆ ನನಗೆ ದೂರು ಇಲ್ಲ.

ಪಕ್ಕದ ಗದ್ದೆಯವರಿಗೆ ದುಡ್ಡು ಬಂತು. ಅದೇ ನೀರು, ನಡುವೆ ಇರುವುದು ಒಂದು ಅಂಚು ಅಷ್ಟೇ. ನಮಗೆ ಬಂದಿಲ್ಲ. ಒಂದು ಕಚೇರಿಯಲ್ಲಿ ಕೇಳಿದರೆ ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ ಅನ್ನುತ್ತಾರೆ. ಇನ್ನೊಬ್ಬರು ಆಧಾರ್ ಲಿಂಕ್ ಆಗಿಲ್ಲ, ಬ್ಯಾಂಕಿಗೆ ಹೋಗಿ ಅನ್ನುತ್ತಾರೆ. ಬ್ಯಾಂಕಿನವರು ನಮ್ಮಲ್ಲಿ ಏನೂ ತೊಂದರೆ ಇಲ್ಲ ಅನ್ನುತ್ತಾರೆ. ಅಮ್ಮನಿಗೆ ಗೃಹಲಕ್ಷ್ಮಿ 2,000 ಅದೇ ಖಾತೆಗೆ ಬರುತ್ತಿದೆ.

ಪಹಣಿಯಲ್ಲಿ ಒಂದು ಎಕರೆ ಗದ್ದೆ ಇನ್ನೂ ಅಜ್ಜನ ಹೆಸರಲ್ಲಿದೆ. ಉಳಿದ 20 ಗುಂಟೆ ಗದ್ದೆ ಮತ್ತು ತೋಟ ಅಪ್ಪನ ಹೆಸರಲ್ಲಿವೆ. ಇಬ್ಬರೂ ಇಲ್ಲ. ಒಬ್ಬರು ಚಿಕ್ಕಪ್ಪ ಬೆಂಗಳೂರಲ್ಲಿದ್ದಾರೆ, ಇಬ್ಬರು ಅತ್ತೆಯರು. ಜಗಳ ಏನೂ ಇಲ್ಲ, ಯಾರೂ ಪಾಲು ಕೇಳಿಲ್ಲ. ಹಾಗಾಗಿ ಖಾತೆ ಬದಲಾವಣೆ ಮಾತು ಯಾವತ್ತೂ ಬಂದಿಲ್ಲ.

ನನ್ನ ಪ್ರಶ್ನೆ: ತೊಂದರೆ ನಿಜವಾಗಿ ಎಲ್ಲಿದೆ? ನಮಗೆ ಎಷ್ಟು ಬರಬೇಕಿತ್ತು? ಈಗಲೂ ಸಿಗುತ್ತದಾ? ಅಮ್ಮ ಬಿಡು ಮಗಾ ಅನ್ನುತ್ತಾಳೆ. ನನಗೆ ಬಿಡಲು ಮನಸ್ಸಿಲ್ಲ. ಆ ಗದ್ದೆಗೆ ಅವಳು ಹಾಕಿದ ದುಡ್ಡು ಸ್ವಸಹಾಯ ಸಂಘದ ಸಾಲ.

ಹೊಸನಗರ ತೋಟ:

ಅಕ್ಕ, ಗದ್ದೆ ವಿಷಯ ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿ ಇದ್ದಾರೆ, ಅವರು ಹೇಳುತ್ತಾರೆ. ನಾನು ತೋಟದ ಮಾತು ಮಾತ್ರ ಹೇಳುತ್ತೇನೆ. ನಿಮಗೂ 20 ಗುಂಟೆ ಅಡಿಕೆ ಇದೆ ಅಂದಿರಿ.

ತುಂಬ ಜನ ವಿಮೆ ಮತ್ತು ಪರಿಹಾರ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಎರಡಕ್ಕೂ ಸಂಬಂಧ ಇಲ್ಲ. ಪರಿಹಾರ ಸರ್ಕಾರದ್ದು, ಅದಕ್ಕೆ ನೀವು ಏನೂ ಕಟ್ಟಬೇಕಿಲ್ಲ. ವಿಮೆಗೆ ಮುಂಗಾರು ಶುರುವಿನಲ್ಲೇ ಕಂತು ಕಟ್ಟಿರಬೇಕು. ನಮ್ಮ ಜಿಲ್ಲೆಯಲ್ಲಿ ಅಡಿಕೆ, ಕಾಳುಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. ನಾನು ಕಟ್ಟುತ್ತಾ ಬಂದ ಲೆಕ್ಕ ಹೀಗಿದೆ: ಅಡಿಕೆಗೆ ಹೆಕ್ಟೇರಿಗೆ ವಿಮಾ ಮೊತ್ತ 1,28,000, ರೈತರ ಪಾಲು ಶೇ 5, ಅಂದರೆ 6,400. ಮೆಣಸಿಗೆ 47,000ಕ್ಕೆ 2,350. ನಿಮ್ಮ 20 ಗುಂಟೆ ಅಡಿಕೆಗೆ ಹೆಚ್ಚುಕಮ್ಮಿ 1,300 ಆಗುತ್ತದೆ.

ಈ ವಿಮೆಗೆ ಯಾರೂ ನಿಮ್ಮ ತೋಟ ನೋಡಲು ಬರುವುದಿಲ್ಲ. ಪಂಚಾಯ್ತಿಯಲ್ಲಿ ಇರುವ ಮಳೆಮಾಪಕ ಏನು ಹೇಳುತ್ತದೋ ಅದೇ ಲೆಕ್ಕ. ಇಷ್ಟು ದಿನದಲ್ಲಿ ಇಷ್ಟು ಮಿಲಿಮೀಟರ್ ದಾಟಿದರೆ ಇಷ್ಟು ದುಡ್ಡು ಅಂತ ಮೊದಲೇ ಪಟ್ಟಿ ಇರುತ್ತದೆ. ಕೊಳೆ ರೋಗ ಬಂದು ಗೊನೆ ಬೋಳಾದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ನಾನು ಕೊಳೆಗೆ ಶೇ 1ರ ಬೋರ್ಡೋ ದ್ರಾವಣ ಹೊಡೆಸಿದ್ದೆ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅಳತೆ ತಪ್ಪದೆ. ಎರಡನೇ ಸಲ ಹೊಡೆಯಬೇಕಾದ ಹೊತ್ತಿಗೆ ಮಳೆ ಒಂದು ದಿನವೂ ಬಿಡಲಿಲ್ಲ. ಮರ ಹತ್ತುವವರು ಬಂದು ಮನೆ ಜಗಲಿಯಲ್ಲಿ ಕೂತು ವಾಪಸ್ ಹೋದರು. ಮರದ ಬುಡದಲ್ಲಿ ಕಾಯಿ ಬೆಳ್ಳಗೆ ಬೂಸು ಹಿಡಿದು ಬಿದ್ದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದೇ ವರ್ಷ ನಮ್ಮ ಪಂಚಾಯ್ತಿಯ ಮಳೆಮಾಪಕ ಕೆಟ್ಟಿತ್ತು, ಪಕ್ಕದ ಪಂಚಾಯ್ತಿಯ ಅಂಕಿ ತೆಗೆದುಕೊಂಡರು. ಮಲೆನಾಡಲ್ಲಿ ಒಂದು ಗುಡ್ಡದ ಆ ಕಡೆ ಈ ಕಡೆ ಮಳೆ ಎಷ್ಟು ವ್ಯತ್ಯಾಸ ಅಂತ ನಿಮಗೆ ಹೇಳಬೇಕಾ?

ಆದರೂ ಕಟ್ಟುವುದು ಬಿಡಬೇಡಿ. ವಿಮೆಗೂ ಪಹಣಿ, ಎಫ್‌ಐಡಿ (ಸರ್ಕಾರ ಕೊಡುವ ರೈತರ ಗುರುತಿನ ಸಂಖ್ಯೆ) ಬೇಕು. ತೀರಿಕೊಂಡವರ ಹೆಸರಲ್ಲಿದ್ದರೆ ಅಲ್ಲೂ ಇದೇ ಕಥೆ.

ಪೇಟೆ ಬೀದಿ:

ಇದೆಲ್ಲ ಪತ್ರ ವ್ಯವಹಾರದಲ್ಲಿ ಆಗುವ ಕೆಲಸ ಅಲ್ಲ. ಶಾಸಕರ ಕಚೇರಿಗೆ ಹೋಗಿ ಒಂದು ಫೋನ್ ಮಾಡಿಸಿ, ಆಗುತ್ತದೆ.

ನಿವೃತ್ತ ಲೆಕ್ಕಿಗ:

ಸೊರಬ, ಹೊಸನಗರ, ಸಾಗರ ಈ ಮೂರು ತಾಲ್ಲೂಕಲ್ಲಿ ಗ್ರಾಮ ಲೆಕ್ಕಿಗನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ಆ ಹುದ್ದೆಗೆ ಗ್ರಾಮ ಆಡಳಿತಾಧಿಕಾರಿ ಅನ್ನುತ್ತಾರೆ. ಪೇಟೆ ಬೀದಿಯವರೇ, ಫೋನ್ ಮಾಡಿಸಿದರೂ ಕಂಪ್ಯೂಟರ್ ತೀರಿಕೊಂಡವರ ಹೆಸರಿಗೆ ದುಡ್ಡು ಹಾಕುವುದಿಲ್ಲ. ಈ ಹುಡುಗಿಯ ತೊಂದರೆ ಇರುವುದು ಅಲ್ಲಿ.

ತಂಗಿ, ನೀವು ಎಲ್ಲ ವಿವರ ಬರೆದದ್ದು ಒಳ್ಳೆಯದಾಯಿತು. ಮೊದಲು ಬ್ಯಾಂಕಿನ ಮಾತು ಬಿಡಿ. ಗೃಹಲಕ್ಷ್ಮಿ ಆ ಖಾತೆಗೆ ಬರುತ್ತಿದೆ ಅಂದರೆ ಅಮ್ಮನ ಆಧಾರ್ ಜೋಡಣೆ ಸರಿಯಾಗಿದೆ. ಬೆಳೆ ಪರಿಹಾರವೂ ಅದೇ ದಾರಿಯಲ್ಲಿ ಬರುತ್ತದೆ. ಇನ್ನು ಮೇಲೆ ಯಾರಾದರೂ ಬ್ಯಾಂಕಿಗೆ ಹೋಗಿ ಅಂದರೆ ಪಾಸ್‌ಬುಕ್ಕಿನ ಆ ಪುಟ ತೋರಿಸಿ. ಅಲೆದಾಟ ಅರ್ಧ ಕಮ್ಮಿ ಆಗುತ್ತದೆ.

ಪರಿಹಾರ ಹೇಗೆ ಬರುತ್ತದೆ ಅಂತ ಹೇಳುತ್ತೇನೆ. ನೀರು ಇಳಿದ ಮೇಲೆ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಸೇರಿ ಜಂಟಿ ಸಮೀಕ್ಷೆ ಮಾಡುತ್ತಾರೆ. ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿದ್ದರೆ ಮಾತ್ರ ಪಟ್ಟಿಗೆ. 2015ಕ್ಕೆ ಮುಂಚೆ ಇದು ಶೇ 50 ಇತ್ತು, ಆಗ ಎಷ್ಟೋ ಮನೆಯವರಿಗೆ ಕಣ್ಣೆದುರು ಹಾನಿ ಕಂಡರೂ ಇಲ್ಲ ಅನ್ನಬೇಕಾಗುತ್ತಿತ್ತು. ಆಮೇಲೆ ಆ ಪಟ್ಟಿಯನ್ನು ಸರ್ವೆ ನಂಬರ್ ಪ್ರಕಾರ 'ಪರಿಹಾರ' ತಂತ್ರಾಂಶಕ್ಕೆ ಹಾಕುತ್ತಾರೆ. ಆ ಸರ್ವೆ ನಂಬರಿನ ಪಹಣಿಯಲ್ಲಿ 9ನೇ ಕಾಲಂನಲ್ಲಿ, ಅಂದರೆ ಖಾತೆದಾರರ ಕಾಲಂನಲ್ಲಿ, ಯಾರ ಹೆಸರಿದೆ, ಅವರ ಎಫ್‌ಐಡಿ ಇದೆಯಾ, ಆಧಾರ್ ಇದೆಯಾ, ಇದನ್ನೆಲ್ಲ ನೋಡಿದ ಮೇಲೆ ಹಣ ಹೋಗುತ್ತದೆ. 2023ರ ಬರದ ಸಮಯದಿಂದ ಎಫ್‌ಐಡಿ ಬಿಗಿ ಆಯಿತು. ಆ ವರ್ಷ ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಗಿತ್ತು, ಎಷ್ಟು ಜನರಿಗೆ ಹೀಗೇ ನಿಂತಿತು ಅಂತ ನಾನು ಹತ್ತಿರದಿಂದ ನೋಡಿದ್ದೇನೆ.

ನಿಮ್ಮ ಮನೆಯಲ್ಲಿ ಅಜ್ಜನಿಗೂ ಅಪ್ಪನಿಗೂ ಎಫ್‌ಐಡಿ ಮಾಡಿಸಲು ಬರುವುದಿಲ್ಲ. ಅಮ್ಮನ ಹೆಸರು ಪಹಣಿಯಲ್ಲೇ ಇಲ್ಲ. ಗದ್ದೆಗೆ ಬಂದವರು ಹಾನಿ ಬರೆದುಕೊಂಡಿದ್ದಾರೆ, ಆ ಹಾನಿ ಯಾರ ಖಾತೆಗೂ ಸೇರದೆ ನಿಂತಿದೆ. ಇಷ್ಟೇ ವಿಷಯ. ಪಕ್ಕದವರ ಪಹಣಿಯಲ್ಲಿ ಬದುಕಿರುವವರ ಹೆಸರು ಇದೆ, ಅವರಿಗೆ ಬಂತು.

ಎಷ್ಟು ಬರಬೇಕು ಅಂತ ಕೇಳಿದಿರಿ. 2022-23ರಿಂದ 2025-26ರವರೆಗಿನ ಕೇಂದ್ರದ ಮಾನದಂಡದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಅಡಿಕೆ ಥರದ ಬಹುವಾರ್ಷಿಕ ಬೆಳೆಗೆ 22,500. ಎಷ್ಟೇ ಜಮೀನು ಇದ್ದರೂ 2 ಹೆಕ್ಟೇರಿಗೆ ಮಾತ್ರ. 2025ರ ಮಳೆಹಾನಿಗೆ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ 8,500 ಸೇರಿಸಿ ಕೊಡುವುದಾಗಿ ಘೋಷಿಸಿತು. ಆಗ ಅದು 17,000, 25,500, 31,000 ಆಯಿತು. ನಿಮ್ಮ ಗದ್ದೆ ಪಹಣಿಯಲ್ಲಿ ತರಿ (ಗದ್ದೆ ಜಮೀನು) ಅಂತ ಇರಬಹುದು, ತರಿ ಅಂದ ಕೂಡಲೇ ನೀರಾವರಿ ದರ ಸಿಗುವುದಿಲ್ಲ. ನೀರಿನ ಮೂಲ ಮಳೆ ಅಂತಿದ್ದರೆ ಮಳೆಯಾಶ್ರಿತ. ಒಂದೂವರೆ ಎಕರೆ ಅಂದರೆ 0.6 ಹೆಕ್ಟೇರ್. 8,500ರ ಲೆಕ್ಕದಲ್ಲಿ ಸುಮಾರು 5,160. ರಾಜ್ಯದ್ದೂ ಸೇರಿದರೆ 10,320.

ಟಿಲ್ಲರ್ ಬಾಡಿಗೆ, ನಾಟಿ ಆಳು, ಗೊಬ್ಬರ ಸೇರಿಸಿದರೆ ಇದು ಯಾವ ಮೂಲೆಗೂ ಸಾಲುವುದಿಲ್ಲ ಅಂತ ನನಗೆ ಗೊತ್ತು. ನಿಯಮದಲ್ಲೇ ಇದು ಬೆಳೆಯ ಬೆಲೆ ಅಲ್ಲ, ಮತ್ತೆ ಬಿತ್ತಲು ಕೊಡುವ ಸಹಾಯಧನ. ಹಾಗಂತ ಬಿಡಬೇಡಿ. ಅಮ್ಮನ ಸಂಘದ ಸಾಲದ ಕೆಲವು ಕಂತು ತೀರುತ್ತದೆ ಅಲ್ವಾ.

ಹೊಳೆ ಗೋಡು ಗದ್ದೆಯಲ್ಲಿ ಕೂತಿದೆಯಾ? ಮೂರು ಇಂಚಿಗಿಂತ ದಪ್ಪ ಮರಳು, ಹೂಳು ತುಂಬಿದ್ದರೆ ಅದನ್ನು ತೆಗೆಸಲು ಸಣ್ಣ, ಅತಿ ಸಣ್ಣ ರೈತರಿಗೆ ಅದೇ ಮಾನದಂಡದಲ್ಲಿ ಹೆಕ್ಟೇರಿಗೆ 18,000 ಬೇರೆ ಇದೆ. ಇದನ್ನು ಯಾರೂ ಕೇಳುವುದೇ ಇಲ್ಲ, ಅಧಿಕಾರಿಗಳೂ ತಾವಾಗಿ ಹೇಳುವುದಿಲ್ಲ. ನಿಮ್ಮಲ್ಲಿ ನೀರು ನಿಲ್ಲುವ ಜಾಗ, ಬಹುಶಃ ಅಷ್ಟು ಕೂತಿರಲಿಕ್ಕಿಲ್ಲ. ಇದ್ದರೆ ಅರ್ಜಿಯಲ್ಲಿ ಸೇರಿಸಿ.

ಈಗ ಮಾಡಬೇಕಾದ್ದು. ತಹಶೀಲ್ದಾರ್ ಹೆಸರಿಗೆ ಒಂದು ಅರ್ಜಿ ಬರೆಯಿರಿ. ಸರ್ವೆ ನಂಬರ್, ಹಿಸ್ಸಾ, ಹಾನಿ ಆದ ದಿನಾಂಕ, ಸಮೀಕ್ಷೆಗೆ ಬಂದಿದ್ದು, ಖಾತೆದಾರರು ತೀರಿಕೊಂಡಿದ್ದಾರೆ, ವಾರಸುದಾರರಾಗಿ ನಾವು ಸಾಗುವಳಿ ಮಾಡುತ್ತಿದ್ದೇವೆ, ಪೌತಿ ಖಾತೆಗೂ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಅರ್ಜಿ ಹಾಕಿದ್ದೇವೆ ಅಂತ ಬರೆದು, ಮರಣ ಪ್ರಮಾಣಪತ್ರದ ನಕಲು ಇಟ್ಟು ಕೊಡಿ. ಸ್ವೀಕೃತಿ ಇಲ್ಲದೆ ಅಲ್ಲಿಂದ ಎದ್ದು ಬರಬೇಡಿ. ಬಾಯಿಮಾತಲ್ಲಿ ಕೇಳಿದ್ದಕ್ಕೆ ಕಚೇರಿಯಲ್ಲಿ ಲೆಕ್ಕ ಇಲ್ಲ. ಆ ಹಂಗಾಮಿನ ಪಟ್ಟಿ ಮುಚ್ಚಿದ್ದರೆ ಮತ್ತೆ ತೆರೆಸುವುದು ತಹಶೀಲ್ದಾರ್ ಕೈಯಲ್ಲಿ ಮಾತ್ರ ಇರುವುದಿಲ್ಲ, ಮೇಲಿನಿಂದ ಬರಬೇಕು. ಸಿಕ್ಕೇ ಸಿಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಬಾಕಿ ಉಳಿದವರಿಗೆ ಅಂತ ಇನ್ನೊಂದು ಕಂತು ತೆರೆದರೆ, ಕೈಯಲ್ಲಿ ಸ್ವೀಕೃತಿ ಇದ್ದರೆ ಕೇಳಲು ಒಂದು ಆಧಾರ ಇರುತ್ತದೆ. ಸಮೀಕ್ಷೆಯಲ್ಲಿ ನಿಮ್ಮ ಗದ್ದೆಗೆ ಏನು ಬರೆದಿದ್ದಾರೆ ಅಂತ ತಿಳಿಯಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಜಂಟಿ ಸಮೀಕ್ಷೆ ವರದಿಯ ನಕಲು ಕೇಳಿ. 30 ದಿನದಲ್ಲಿ ಕೊಡಬೇಕು.

ಪೌತಿ ಖಾತೆ ಮಾತ್ರ ಮುಂದೆ ಹಾಕಬೇಡಿ. ಜಗಳ ಇಲ್ಲ, ಅದಕ್ಕೇ ಮಾಡಿಸಿಲ್ಲ ಅಂದಿರಿ. ಜಗಳ ಇಲ್ಲದಿರುವಾಗಲೇ ಮಾಡಿಸಬೇಕು. ನಾಳೆ ಚಿಕ್ಕಪ್ಪನ ಮಕ್ಕಳು ದೊಡ್ಡವರಾಗಿ, ಅತ್ತೆಯರ ಕಡೆಯವರು ಹತ್ತು ಜನ ಆದ ಮೇಲೆ ಅದೇ ಸಹಿ ತೆಗೆದುಕೊಳ್ಳುವುದು ಎಷ್ಟು ಕಷ್ಟ ಅಂತ ಯೋಚಿಸಿ. ಅಪ್ಪನ ಹೆಸರಿನ ಜಮೀನಿಗೆ ಅಮ್ಮ, ನೀವು, ನಿಮ್ಮ ಒಡಹುಟ್ಟಿದವರು ವಾರಸುದಾರರು. ಅಜ್ಜನ ಹೆಸರಿನದ್ದಕ್ಕೆ ಚಿಕ್ಕಪ್ಪ ಮತ್ತು ಅತ್ತೆಯರೂ ಬರುತ್ತಾರೆ, ಅವರನ್ನು ಬಿಟ್ಟು ವಂಶವೃಕ್ಷ ಮಾಡಿಸಲು ಹೋಗಬೇಡಿ. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಅಂತ ಆಂದೋಲನ ಶುರು ಮಾಡಿದೆ, ಗ್ರಾಮ ಆಡಳಿತಾಧಿಕಾರಿಯೇ ಮಾಡಿಕೊಡುತ್ತಾರೆ. ತೀರಿಕೊಂಡವರ ಹೆಸರಲ್ಲಿ ನಿಂತಿರುವ ಪಹಣಿ ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟು ಇವೆ, ನಿಮ್ಮದು ಒಂದೇ ಅಲ್ಲ.

ಒಂದು ಮಾತು ಹೇಳಲೇಬೇಕು. ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. 1974ರಲ್ಲಿ ಉಳುವವನೇ ಒಡೆಯ ಅಂತ ಕಾನೂನು ಬಂತು, ಎಷ್ಟೋ ಮನೆಗೆ ಪಹಣಿ ಸಿಕ್ಕಿತು. ಆ ಪಹಣಿಗಳನ್ನು ನಾನು ವರ್ಷಗಟ್ಟಲೆ ಕೈಯಲ್ಲಿ ಹಿಡಿದು ನೋಡಿದವನು. ಹೆಂಗಸರ ಹೆಸರು ಹುಡುಕಬೇಕು. ಅಗೆ ಕೀಳುವುದು, ನಾಟಿ ಮಾಡುವುದು, ಕಳೆ ತೆಗೆಯುವುದು ಎಲ್ಲ ಅವರು. ಹೊಳೆ ಬಂದಾಗ ಮುಳುಗುವುದು ಅವರ ದುಡಿಮೆ. ಪರಿಹಾರ ಬರುವುದು 9ನೇ ಕಾಲಂಗೆ. ಗಂಡ ಹೋದ ಮೇಲೆ ಆ ಹೆಂಗಸು ಕಚೇರಿ ಬಾಗಿಲಲ್ಲಿ ನಿಂತು ನಾನೇ ಮಾಡುತ್ತಿರುವುದು ಸಾರ್ ಅಂದರೆ, ನಾನು ಏನು ಬರೆದುಕೊಡಲು ಸಾಧ್ಯವಿತ್ತು? ನನಗೆ ಈಗಲೂ ಇದು ಮನಸ್ಸಿಗೆ ಹತ್ತಿಕೊಂಡಿರುವ ವಿಷಯ. ಮುಂದಿನ ಮುಂಗಾರಿನೊಳಗೆ ನಿಮ್ಮ ಅಮ್ಮನ ಹೆಸರು ಪಹಣಿಗೆ ಬರಲಿ. ಅದು ಬಂದರೆ ಪರಿಹಾರ, ವಿಮೆ, ಬೆಳೆ ಸಾಲ, ಪಿಎಂ ಕಿಸಾನ್, ಯಾವುದಕ್ಕೂ ಯಾರ ಮುಂದೂ ಕೈಕಟ್ಟಿ ನಿಲ್ಲಬೇಕಿಲ್ಲ.

ಮುಳುಗಡೆ ಮನೆಯವ:

ಲೆಕ್ಕಿಗರ ಮಾತು ಸರಿ. ಆದರೆ ಪೌತಿ ಮಾಡಿಸಲಿಕ್ಕೂ ಒಂದು ಪಹಣಿ ಇರಬೇಕು. ನಮಗೆ ಅದೇ ಇಲ್ಲ.

ನಮ್ಮ ಅಜ್ಜನ ಕಾಲದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರು. 1964ರಲ್ಲಿ ನೀರು ನಿಂತಿತು, ನಮ್ಮ ಊರು ಅಡಿಗೆ ಹೋಯಿತು. ಲಾರಿಯಲ್ಲಿ ತಂದು ಬಿಟ್ಟ ಜಾಗದಲ್ಲಿ ಅಜ್ಜ ತೋಟ ಎಬ್ಬಿಸಿದರು. ಮೂರು ತಲೆಮಾರು ಆಯಿತು, ದಾಖಲೆಯಲ್ಲಿ ಅದು ಇನ್ನೂ ಅರಣ್ಯ. ಅತಿವೃಷ್ಟಿ ಆಗಲಿ, ಕೊಳೆ ಬರಲಿ, ಸಮೀಕ್ಷೆಯವರು ನಮ್ಮ ತೋಟದ ಬೇಲಿ ದಾಟುವುದಿಲ್ಲ. ಅವರಿಗೆ ಬರೆಯಲು ಸರ್ವೆ ನಂಬರೇ ಇಲ್ಲ. ಬಗರ್ ಹುಕುಂನವರದ್ದೂ (ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಸಾಗುವಳಿ ಮಾಡುವವರು) ಇದೇ ಪಾಡು. ಇಡೀ ರಾಜ್ಯಕ್ಕೆ ಕರೆಂಟು ಕೊಟ್ಟ ನೀರಿನಡಿ ನಮ್ಮ ಗದ್ದೆ ಇದೆ. ಆ ಗದ್ದೆ ಬಿಟ್ಟುಕೊಟ್ಟವರ ಮಕ್ಕಳಿಗೆ ಬೆಳೆ ಹೋದಾಗ 1 ರೂಪಾಯಿ ಕೊಡಲು ನಿಯಮ ಇಲ್ಲ ಅಂದರೆ ಯಾವ ನ್ಯಾಯ ಇದು? ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ನಮ್ಮಂಥವರು ಇಲ್ಲಿ ಓದುತ್ತಿದ್ದರೆ ಒಂದು ವಿಷಯ ತಿಳಿದುಕೊಳ್ಳಿ. ದನ ಸತ್ತರೆ ಪಹಣಿ ಬೇಕಿಲ್ಲ. ಹೋದ ವರ್ಷ ಕೊಟ್ಟಿಗೆ ಗೋಡೆ ಬಿದ್ದು ನಮ್ಮ ಕರೆಯುವ ಎಮ್ಮೆ ಸತ್ತಿತು. ಹೂಳುವ ಮೊದಲು ಪಶು ವೈದ್ಯರನ್ನು ಕರೆಸಿ ಮರಣೋತ್ತರ ಪರೀಕ್ಷೆ ಮಾಡಿಸಿದೆವು, ಫೋಟೋ ತೆಗೆದು ಆವತ್ತೇ ಗ್ರಾಮ ಆಡಳಿತಾಧಿಕಾರಿಗೆ ಕಳಿಸಿದೆವು. ಆಗ ಹಾಲು ಕೊಡುವ ಎಮ್ಮೆ, ದನಕ್ಕೆ 37,500 ಇತ್ತು, ಉಳುವ ಎತ್ತಿಗೆ 32,000. ನಮಗೆ ಬಂತು. ಪಕ್ಕದ ಮನೆಯವರು ಮಳೆಯಲ್ಲಿ ವಾಸನೆ ಬರುತ್ತದೆ ಅಂತ ರಾತ್ರಿಯೇ ಹೂತರು, ಅವರಿಗೆ ಏನೂ ಸಿಗಲಿಲ್ಲ.

ವರದಾ ದಂಡೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮುಳುಗಡೆ ಮನೆಯ ಅಣ್ಣ, ನಿಮ್ಮದು ಓದಿ ಬೇಜಾರಾಯಿತು. ನಮ್ಮ ಊರಲ್ಲೂ ನಿಮ್ಮ ಕಡೆಯಿಂದ ಬಂದ ಎರಡು ಮನೆ ಇವೆ. ಎಮ್ಮೆ ವಿಷಯ ಅವರಿಗೆ ಹೇಳುತ್ತೇನೆ.

ಲೆಕ್ಕಿಗ ಸರ್, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಪಹಣಿಯಲ್ಲಿ ತನ್ನ ಹೆಸರು ಬಂದರೆ ಅತ್ತೆಯರು ಏನಂದುಕೊಳ್ಳುತ್ತಾರೋ ಅಂತ ಅವಳಿಗೆ ಸಂಕೋಚ. ದೊಡ್ಡ ಅತ್ತೆಗೆ ನಾನೇ ಫೋನ್ ಮಾಡಿದೆ. ಅವರು, ನಿನ್ನ ಅಮ್ಮ ಆ ಗದ್ದೆಯಲ್ಲಿ ಬೆನ್ನು ಮುರಿದುಕೊಂಡಿದ್ದು ನನಗೆ ಗೊತ್ತಿಲ್ವಾ, ಯಾವಾಗ ಸಹಿ ಹಾಕಬೇಕು ಹೇಳು, ಬಸ್ ಹತ್ತಿ ಬರುತ್ತೇನೆ ಅಂದರು. ಚಿಕ್ಕಪ್ಪನೂ ಆಯಿತು ಅಂದಿದ್ದಾರೆ.

ಇವತ್ತು ಪಹಣಿ ತೆಗೆಸಿದೆ. ಒಂದು ಹೊಸ ಸಂಗತಿ ಕಂಡಿತು. ಅಜ್ಜನ ಹೆಸರಿನ ಒಂದು ಎಕರೆಗೆ 12ನೇ ಕಾಲಂನಲ್ಲಿ ಆ ವರ್ಷದ ಮುಂಗಾರಿಗೆ ಭತ್ತ ಅಂತ ಇಲ್ಲ, ಬೀಳು ಅಂತ ಇದೆ. ಅಪ್ಪನ ಹೆಸರಿನದ್ದರಲ್ಲಿ ಭತ್ತ ಅಂತಲೇ ಇದೆ. ಇದು ಹೇಗೆ ಆಗುತ್ತದೆ? ಎರಡೂ ಒಂದೇ ಬಯಲು, ಒಂದೇ ದಿನ ನಾಟಿ ಆಗಿದ್ದು.

ಹೊಸನಗರ ತೋಟ:

ಬೆಳೆ ಸಮೀಕ್ಷೆಗೆ ಬರುವ ಹುಡುಗರು ನೀರು ನಿಂತಾಗ ಬಂದಿರಬೇಕು ಅಕ್ಕ. ಅಥವಾ ರಸ್ತೆಯಿಂದಲೇ ಫೋಟೋ ಹೊಡೆದಿರಬೇಕು. ನಮ್ಮ ಕಡೆ ಮೆಣಸು ಬಳ್ಳಿ ಬಿಟ್ಟು ಬರೀ ಅಡಿಕೆ ಹಾಕಿ ಹೋಗಿದ್ದರು.

ನಿವೃತ್ತ ಲೆಕ್ಕಿಗ:

ಒಳ್ಳೆ ಅತ್ತೆ. ಅವರ ಮಾತು ಓದಿ ನನಗೆ ಖುಷಿ ಆಯಿತು.

ಬೀಳು ಅಂತ ಇರುವುದು ಗಂಭೀರ. ಬೆಳೆಯೇ ಇಲ್ಲ ಅಂತ ದಾಖಲೆ ಹೇಳಿದರೆ ಹಾನಿ ಆಯಿತು ಅಂತ ಯಾರೂ ಬರೆಯಲು ಬರುವುದಿಲ್ಲ. ಹೆಸರು ಸರಿಯಿದ್ದರೂ ಈ ಒಂದು ಎಕರೆ ತಿರಸ್ಕಾರ ಆಗುತ್ತಿತ್ತು. ಗ್ರಾಮಕ್ಕೆ ಒಬ್ಬ ಖಾಸಗಿ ನಿವಾಸಿಯನ್ನು ನೇಮಿಸಿ ಮೊಬೈಲಲ್ಲಿ ಬೆಳೆ ಸಮೀಕ್ಷೆ ಮಾಡಿಸುತ್ತಾರೆ. ನೀರು ತುಂಬಿದ ಗದ್ದೆ ಫೋಟೋದಲ್ಲಿ ಕೆರೆ ಥರ ಕಾಣುತ್ತದೆ, ಬೀಳು ಅಂತ ಒತ್ತಿ ಮುಂದೆ ಹೋಗುತ್ತಾರೆ. ನಿಮ್ಮಲ್ಲೂ ಹಾಗೇ ಆಗಿರಬೇಕು. ಬೆಳೆ ದರ್ಶಕ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ಅವರು ತೆಗೆದ ಫೋಟೋ ಕಾಣುತ್ತದೆ, ಅಲ್ಲೇ ಆಕ್ಷೇಪಣೆ ಹಾಕುವ ಅವಕಾಶ ಇದೆ. ಆ ಹಂಗಾಮಿನ ಅವಧಿ ಮುಗಿದಿರುತ್ತದೆ, ಆದ್ದರಿಂದ ಫೋಟೋ ಉಳಿಸಿಕೊಂಡು ತಹಶೀಲ್ದಾರ್ ಅರ್ಜಿಗೆ ಲಗತ್ತಿಸಿ. ಫೋಟೋದಲ್ಲಿ ಬರೀ ನೀರು ಕಂಡರೆ ಅದು ನಿಮ್ಮ ಕಡೆಯ ಸಾಕ್ಷಿ ಆಗುತ್ತದೆ. ಅಪ್ಪನ ಹೆಸರಿನ ಪಕ್ಕದ 20 ಗುಂಟೆಗೆ ಭತ್ತ ಅಂತ ಇರುವ ಪಹಣಿಯನ್ನೂ ಜೊತೆಗೆ ಇಡಿ. ಬೀಜ, ಗೊಬ್ಬರ ತಂದ ರಶೀದಿ ಇದ್ದರೆ ಅದೂ ಇರಲಿ.

ಮುಂದಿನ ಸಲ ಸಮೀಕ್ಷೆ ನೀವೇ ಮಾಡಿ. ರೈತರೇ ಮಾಡಲು ಆ್ಯಪ್ ಇದೆ. ನಾಟಿ ಮುಗಿದ ವಾರದಲ್ಲೇ ಗದ್ದೆಯ ನಡುವೆ ನಿಂತು ಫೋಟೋ ತೆಗೆದು ಹಾಕಿಬಿಡಿ, ಹೊಳೆ ಬರುವ ಮೊದಲು. ತೋಟದಲ್ಲಿ ಮೆಣಸು, ಬಾಳೆ ಏನಿದೆಯೋ ಎಲ್ಲ ಸೇರಿಸಿ.

ಇನ್ನೊಂದು. ಹೊಳೆ ಪಕ್ಕದ ಆ ತುಂಡಿಗೆ ಯಾವ ಭತ್ತ ಹಾಕುತ್ತೀರಿ? ಸೊರಬದ ಕಡೆ ಹಳಬರು ನೆರೆಗುಳಿ ಹಾಕುತ್ತಿದ್ದರು, ನೀರಲ್ಲಿ ದಿನಗಟ್ಟಲೆ ನಿಂತರೂ ತಡೆಯುವ ತಳಿ. ಇಳುವರಿ ಕಮ್ಮಿ. ತೀರ ತಗ್ಗಿನ ಒಂದೆರಡು ಗದ್ದೆಗೆ ಮಾತ್ರ ಹಾಕಿ ನೋಡಬಹುದು, ಬೀಜ ಇಟ್ಟುಕೊಂಡವರು ಈಗಲೂ ಇದ್ದಾರೆ.

ವರದಾ ದಂಡೆ:

ಅಮ್ಮನಿಗೆ ನೆರೆಗುಳಿ ಗೊತ್ತಂತೆ ಸರ್. ಅವಳ ತವರಲ್ಲಿ ಹಾಕುತ್ತಿದ್ದರಂತೆ, ಕೆಂಪು ಅಕ್ಕಿ, ಗಂಜಿಗೆ ರುಚಿ ಅಂದಳು. ಕೇಳಿ ತರಿಸುತ್ತೇನೆ.

ಆ್ಯಪ್‌ನಲ್ಲಿ ಫೋಟೋ ಸಿಕ್ಕಿತು. ಬರೀ ನೀರು. ಮೂಲೆಯಲ್ಲಿ ನಮ್ಮ ಬೆದರುಬೊಂಬೆಯ ತಲೆ ಮಾತ್ರ ಕಾಣುತ್ತದೆ. ಸೋಮವಾರ ರಜೆ ಹಾಕಿ ಅರ್ಜಿ ಕೊಡುತ್ತೇನೆ. ಪರಿಹಾರ ಬಂದರೆ ಬ್ಯಾಂಕಿನವರು ಅಪ್ಪನ ಹಳೇ ಬೆಳೆ ಸಾಲಕ್ಕೆ ಹಿಡಿದುಕೊಳ್ಳುತ್ತಾರಾ? ಅಮ್ಮನ ಹೊಸ ಭಯ ಇದು.

ನಿವೃತ್ತ ಲೆಕ್ಕಿಗ:

ಹಿಡಿದುಕೊಳ್ಳಬಾರದು. 2024ರಲ್ಲಿ ಬರ ಪರಿಹಾರ ಬಂದಾಗ ಕೆಲವು ಕಡೆ ಹಾಗೆ ಮಾಡಿದರು, ಸಾಲಕ್ಕೆ ಹೊಂದಿಸಿಕೊಳ್ಳಬಾರದು ಅಂತ ಜಿಲ್ಲಾಡಳಿತಗಳು ಬ್ಯಾಂಕುಗಳಿಗೆ ಸೂಚನೆ ಕೊಟ್ಟವು. ಹಣ ಅಮ್ಮನ ಖಾತೆಗೆ ಬರುತ್ತದೆ, ಸಾಲ ಅಪ್ಪನ ಖಾತೆಯಲ್ಲಿದೆ, ಹಾಗಾಗಿ ಹೆದರಬೇಕಿಲ್ಲ. ಹಿಡಿದರೆ ತಹಶೀಲ್ದಾರ್‌ಗೂ ಜಿಲ್ಲಾಧಿಕಾರಿ ಕಚೇರಿಗೂ ಬರಹದಲ್ಲಿ ದೂರು ಕೊಡಿ.

ಪೌತಿಗೆ ಅತ್ತೆಯರು ಬರುವಾಗ ಆಧಾರ್ ಮೂಲ ಪ್ರತಿ ತರಲಿ. ಆಧಾರ್‌ಗೆ ಜೋಡಿಸಿದ ನಂಬರಿನ ಮೊಬೈಲ್ ಕೈಯಲ್ಲೇ ಇರಲಿ, ಒಟಿಪಿ ಬರುತ್ತದೆ. ಆ ನಂಬರ್ ಈಗ ಚಾಲ್ತಿಯಲ್ಲಿದೆಯಾ ಅಂತ ಅವರು ಬಸ್ ಹತ್ತುವ ಮೊದಲೇ ಕೇಳಿಕೊಳ್ಳಿ.